ಕೆಂಪು ಕಾಲುಚೀಲದ ಪ್ರಸಂಗ

ಡಿಸೆಂಬರ್ ಬಂತೆಂದರೆ ನನ್ನಂಥ ಸ್ಟೋರ್ಸ್ ಗುಮಾಸ್ತನಿಗೆ ಇರುವುದು ಒಂದೇ ಚಿಂತೆ, ವರ್ಷದ ಕೊನೆಯ ದಾಸ್ತಾನು ಲೆಕ್ಕ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಟ್ಟು, ಬೋಲ್ಟು, ಬೇರಿಂಗುಗಳನ್ನು ಎಣಿಸುವುದು ನನ್ನ ಕೆಲಸ. ರಿಜಿಸ್ಟರಿನಲ್ಲಿ ನೂರು ಇದ್ದು ಕಪಾಟಿನಲ್ಲಿ ತೊಂಬತ್ತೆಂಟು ಇದ್ದರೆ ರಾತ್ರಿ ನಿದ್ದೆ ಬರದ ಜಾತಿ ನನ್ನದು. 2022ರ ಡಿಸೆಂಬರಿನ ಎರಡನೆಯ ವಾರ, ಹೀಗೆ ಲೆಕ್ಕದ ತಲೆಬಿಸಿಯಲ್ಲೇ ಮನೆಗೆ ಬಂದು ಶೂ ಬಿಚ್ಚುತ್ತಿದ್ದಾಗ ಎರಡನೆಯ ತರಗತಿಯ ಮಗಳು ಡೈರಿ ಹಿಡಿದುಕೊಂಡು ಎದುರಿಗೆ ನಿಂತಳು.

"ಅಪ್ಪಾ, ನಂಗೆ ಸ್ಟಾಕಿಂಗ್ ಬೇಕು."

"ಅದನ್ನೇ ಬೆಳಗಿನಿಂದ ಮಾಡಿ ಬಂದಿದ್ದೀನಿ ಪುಟ್ಟಿ. ಇನ್ನೂ ಅರ್ಧ ಬಾಕಿ ಇದೆ" ಎಂದೆ.

ಅವಳು ಹಣೆ ಚಚ್ಚಿಕೊಂಡಳು. ಡೈರಿಯಲ್ಲಿ 23ನೇ ತಾರೀಕು ಶುಕ್ರವಾರ ತರಗತಿಯಲ್ಲಿ ಕ್ರಿಸ್ಮಸ್ ಆಚರಣೆ, ಪ್ರತಿ ಮಗುವೂ ಒಂದು ಕೆಂಪು ಸ್ಟಾಕಿಂಗ್ ತರಬೇಕು ಎಂದು ಬರೆದಿತ್ತು. ಪುಸ್ತಕದ ಚಿತ್ರ ತೋರಿಸಿದಳು. ಬೆಂಕಿ ಉರಿಯುವ ಗೂಡಿನ ಪಕ್ಕ ಸಾಲಾಗಿ ನೇತುಹಾಕಿದ, ಬಿಳಿ ಅಂಚಿನ ಉದ್ದನೆಯ ಕೆಂಪು ಕಾಲುಚೀಲಗಳು. ಒಳಗಿಂದ ಗೊಂಬೆಗಳು ಇಣುಕುತ್ತಿದ್ದವು.

ಕಾಲಿಗೆ ಹಾಕುವುದರಲ್ಲಿ ತಿಂಡಿ ತುಂಬುವುದೇ ಎಂದು ಮೊದಲು ಮೂಗು ಮುರಿದೆ. ಆಮೇಲೆ ಯೋಚಿಸಿದರೆ, ನಮ್ಮ ಕನ್ನಡದವರು ಅದಕ್ಕೆ ಹೆಸರಿಡುವಾಗಲೇ ಚೀಲ ಎಂದು ಕರೆದುಬಿಟ್ಟಿದ್ದಾರೆ. ಚೀಲವೆಂದ ಮೇಲೆ ಏನನ್ನಾದರೂ ತುಂಬಲೇಬೇಕಲ್ಲ!

ಮಾರನೆಯ ದಿನ ಶಿಫ್ಟು ಮುಗಿಸಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋದೆ. ಹಾರೋಹಳ್ಳಿ ಈಗ ಹಳೆಯ ಹಾರೋಹಳ್ಳಿಯಲ್ಲ. ಕನಕಪುರ ತಾಲ್ಲೂಕಿನ ಒಂದು ಹೋಬಳಿಯಾಗಿದ್ದ ಊರು ತಾನೇ ಒಂದು ತಾಲ್ಲೂಕಾಗಿದೆ. ರಾಗಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ಕಡೆ ಶೆಡ್ಡುಗಳು ಎದ್ದಿವೆ. ಸಂಜೆ ಶಿಫ್ಟು ಬಿಟ್ಟಾಗ ರಸ್ತೆಯಲ್ಲಿ ಕನ್ನಡದ ಜೊತೆಗೆ ಹಿಂದಿ, ಒಡಿಯಾ, ಬಂಗಾಳಿ, ತಮಿಳು ಎಲ್ಲವೂ ಕಿವಿಗೆ ಬೀಳುತ್ತವೆ. ಇಷ್ಟೆಲ್ಲ ಬಂದ ಊರಿಗೆ ಒಂದು ಕಾಲುಚೀಲ ಬಂದಿರದೇ?

"ಕ್ರಿಸ್ಮಸ್ಸಿಗೆ ಕಟ್ತಾರಲ್ಲ, ಕೆಂಪು ಕಾಲುಚೀಲ, ಅದು ಕೊಡಿ" ಎಂದೆ. ಅಂಗಡಿಯವರು ಸ್ಕೂಲಿನ ಬಿಳಿ ಸಾಕ್ಸು ತೋರಿಸಿದರು, ನೀಲಿ ತೋರಿಸಿದರು, ಕೊನೆಗೆ ಮೊಣಕಾಲುದ್ದದ ಕೆಂಪು ಫುಟ್‌ಬಾಲ್ ಸಾಕ್ಸು ತೆಗೆದರು. "ಇದೇ ಸಾರ್, ಉದ್ದ ಐತೆ, ಕೆಂಪಗೈತೆ."

"ಇದು ಜೋಡಿ. ನನಗೆ ಒಂದೇ ಸಾಕು."

ಅವರು ನನ್ನ ಕಾಲನ್ನೊಮ್ಮೆ ಅನುಮಾನದಿಂದ ನೋಡಿದರು. "ಒಂದು ಕಾಲಿಂದು ಕೊಟ್ರೆ ಇನ್ನೊಂದು ಕಾಲಿಂದು ಯಾರಿಗೆ ಮಾರ್ಲಿ ಸಾರ್?" ಎಂದರು. ನ್ಯಾಯವಾದ ಪ್ರಶ್ನೆಯೇ.

ಬರಿಗೈಯಲ್ಲಿ ಬಂದವನನ್ನು ನನ್ನವಳು ಎದುರು ಮನೆಗೆ ಕಳಿಸಿದಳು. ಎದುರು ಮನೆಯ ಟೀಚರಮ್ಮ ನಿವೃತ್ತ ಶಿಕ್ಷಕಿ. ಅವರ ತವರು ಕನಕಪುರದ ಆಚೆಯ ಹಾರೋಬೆಲೆ, ಬಹುಪಾಲು ಕ್ರೈಸ್ತರೇ ಇರುವ ಹಳೆಯ ಊರು. ಹಬ್ಬ ಅವರದ್ದು, ಹಾಗಾಗಿ ಕಾಲುಚೀಲದ ಗುಟ್ಟೂ ಅವರಿಗೆ ಗೊತ್ತಿರಬೇಕೆಂದು ನಮ್ಮ ಎಣಿಕೆ. ಟೀಚರಮ್ಮ ನಕ್ಕುಬಿಟ್ಟರು.

"ನಮ್ಮೂರಲ್ಲಿ ಯಾರು ಕಾಲುಚೀಲ ಕಟ್ಟಿದ್ರಪ್ಪ? ಬಾಗಿಲಿಗೆ ನಕ್ಷತ್ರ ಕಟ್ತಿದ್ವಿ. ಹುಲ್ಲು ತಂದು ಗೋದಲಿ ಮಾಡ್ತಿದ್ವಿ. ನಡುರಾತ್ರಿ ಪೂಜೆಗೆ ಚಳೀಲಿ ನಡುಗಿಕೊಂಡು ಹೋಗಿ ಬಂದು ಕರ್ಜಿಕಾಯಿ ತಿಂತಿದ್ವಿ. ಕಾಲಿಗೇ ಚೀಲ ಇರಲಿಲ್ಲ, ಇನ್ನು ಗೋಡೆಗೆ ಎಲ್ಲಿ ಬರಬೇಕು!"

ಆದರೆ ಕಥೆ ಅವರಿಗೆ ಗೊತ್ತಿತ್ತು. ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಈಗಿನ ತುರ್ಕಿ ದೇಶದಲ್ಲಿ ಮೈರಾ ಎಂಬ ಊರಿತ್ತು. ನಾಲ್ಕನೆಯ ಶತಮಾನದಲ್ಲಿ ಅಲ್ಲಿ ನಿಕೊಲಾಸ್ ಎಂಬ ಧರ್ಮಾಧ್ಯಕ್ಷರಿದ್ದರು. ಬಡತನಕ್ಕೆ ಇಳಿದುಹೋದ ಒಬ್ಬ ಗೃಹಸ್ಥ, ಅವನಿಗೆ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆ ಕೊಡಲು ಗತಿಯಿಲ್ಲದೆ ಮದುವೆ ನಿಂತಿತ್ತು. ನಿಕೊಲಾಸ್ ಕತ್ತಲಲ್ಲಿ ಬಂದು ಕಿಟಕಿಯಿಂದ ಚಿನ್ನದ ಗಂಟನ್ನು ಒಳಗೆ ಎಸೆದು ಹೋದರಂತೆ, ಒಬ್ಬೊಬ್ಬ ಮಗಳಿಗೆ ಒಂದೊಂದು ಗಂಟು. ಆಮೇಲಿನವರು ಕಥೆ ಹೇಳುತ್ತಾ ಹೇಳುತ್ತಾ, ಆ ಗಂಟು ಒಲೆಯ ಬಳಿ ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತು ಎಂದರು. ಕಾಲುಚೀಲದ ತುದಿಯಲ್ಲಿ ಒಂದು ಕಿತ್ತಳೆ ಹಣ್ಣು ಇಡುವ ರೂಢಿಯುಂಟಲ್ಲ, ಅದು ಆ ಚಿನ್ನದ ನೆನಪು ಎನ್ನುತ್ತಾರೆ. ಸಂತ ನಿಕೊಲಾಸರ ಹಬ್ಬ ಡಿಸೆಂಬರ್ 6ಕ್ಕೆ. ಹಾಲೆಂಡಿನ ಮಕ್ಕಳು ಅವರಿಗಾಗಿ ಬೂಟು ಇಟ್ಟು ಕಾಯುತ್ತಾರೆ. ಅಲ್ಲಿ ಅವರ ಹೆಸರು ಸಿಂಟರ್‌ಕ್ಲಾಸ್. ಡಚ್ಚರ ಜೊತೆ ಆ ಹೆಸರು ಅಮೆರಿಕಕ್ಕೆ ಹೋಗಿ ಸಾಂಟಾ ಕ್ಲಾಸ್ ಆಯಿತು. ಅಲ್ಲಿ 1823ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಒಂದು ಪದ್ಯ ಜಿಂಕೆಗಾಡಿ, ಹೊಗೆಗೂಡು, ಕಾಲುಚೀಲ ಮೂರನ್ನೂ ಮನೆಮಾತು ಮಾಡಿತು.

"ಚಿನ್ನ ಕೊಡೋರು ಹಗಲೇ ಬಂದು ಕೊಡಬಹುದಿತ್ತಲ್ಲ ಅಜ್ಜಿ, ರಾತ್ರಿ ಯಾಕೆ ಬರಬೇಕು?" ಎಂದಳು ಮಗಳು.

ಟೀಚರಮ್ಮ ಏನೋ ಹೇಳಿದರು. ನಾನು ಆಗ ಬೆಂಗಳೂರಿಗೆ ಯಾವ ಬಸ್ಸು ಹಿಡಿಯುವುದೆಂದು ಲೆಕ್ಕ ಹಾಕುತ್ತಿದ್ದೆ. ಆ ಉತ್ತರವನ್ನು ಕೇಳಿಸಿಕೊಳ್ಳಬೇಕಾಗಿತ್ತು ಎಂದು ಆಮೇಲೆ ಅನ್ನಿಸಿತು.

18ನೇ ತಾರೀಕು ಭಾನುವಾರ ಅಪ್ಪ ಮಗಳು ಹೊರಟೆವು. ಬಸ್ಸಿನಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ, ಅಲ್ಲಿಂದ ಮೆಟ್ರೊ. ದಾರಿಯಲ್ಲಿ ಅವಳು ಮೆಲ್ಲಗೆ ಒಂದು ಮಾತು ತೆಗೆದಳು. "ಅಪ್ಪಾ, ಎರಡು ತಗೋ. ನನ್ನ ಪಕ್ಕ ಕೂತ್ಕೊಳ್ಳೋಳು ಆ ದಿನ ಸ್ಕೂಲಿಗೇ ಬರಲ್ಲ ಅಂತಿದ್ಲು."

ಪಕ್ಕ ಕೂರುವವಳು ನನಗೆ ಗೊತ್ತಿದ್ದವಳೇ. ಒಡಿಶಾ ಕಡೆಯಿಂದ ಬಂದ ಕುಟುಂಬ. ಅವಳಪ್ಪ ನಮ್ಮ ಕಾರ್ಖಾನೆಯಲ್ಲೇ ಗುತ್ತಿಗೆಯ ಮೇಲೆ ಲೋಡಿಂಗ್ ಕೆಲಸಕ್ಕಿದ್ದ. ಅವಳಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ನಮ್ಮ ಬೀದಿಯ ಹಿಂದಿನ ಶೀಟಿನ ಸಾಲುಮನೆಯಲ್ಲಿ ವಾಸ. ಮಗಳ ಮಾತಿಗೆ ನನಗೆ ಹೆಮ್ಮೆಯಾಯಿತು. ಎರಡೇಕೆ, ಮೂರಾದರೂ ಕೊಳ್ಳೋಣ ಎಂದುಕೊಂಡೆ. ಬೆಲೆ ಕೇಳುವವರೆಗೆ ಎಲ್ಲ ಅಪ್ಪಂದಿರೂ ಉದಾರಿಗಳೇ!

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕಾಲುಚೀಲಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. ನೋಡಲು ಎಲ್ಲವೂ ಕೆಂಪೇ. ಮುಟ್ಟಿ ನೋಡಿದರೆ ಮೂರು ಜಾತಿ. ಮೊದಲನೆಯದು ಫೆಲ್ಟಿನದು. ಫೆಲ್ಟ್ ಎಂದರೆ ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ಹಾಳೆ. ಉಣ್ಣೆಯ ಫೆಲ್ಟಿನ ವಾಷರುಗಳು ನಮ್ಮ ಸ್ಟೋರ್ಸಿನಲ್ಲೂ ಇವೆ, ಬಲು ಗಟ್ಟಿ. ಆದರೆ ಇದು ತೆಳುವಾದ ಪಾಲಿಯೆಸ್ಟರ್. ಅಂಚಿನ ಬಿಳಿ ತುಪ್ಪಳವನ್ನು ಗೋಂದಿನಲ್ಲಿ ಅಂಟಿಸಿದ್ದರು. ಮಿನುಗು ಪುಡಿ ಕೈಗೆಲ್ಲ ಮೆತ್ತಿಕೊಂಡಿತು. ಬೆಲೆ 80 ರೂಪಾಯಿ. ಎರಡನೆಯದು ಮಖಮಲ್ಲಿನದು, ನನ್ನ ಮಗಳ ಎದೆಯುದ್ದ ಇತ್ತು. ಅದನ್ನು ತುಂಬಬೇಕಾದರೆ ಒಂದು ತಿಂಗಳ ರೇಷನ್ ಬೇಕು. ಮೂರನೆಯದು ದಾರದಲ್ಲಿ ಹೆಣೆದದ್ದು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಒಗೆಯಬಹುದು, ಹತ್ತು ವರ್ಷ ಬಾಳುತ್ತದೆ. ಬೆಲೆ 350.

ಹೆಣೆದದ್ದನ್ನು ಕೈಯಲ್ಲಿ ಹಿಡಿದಾಗ ಟೀಚರಮ್ಮ ಹೇಳಿದ ಇನ್ನೊಂದು ಸಂಗತಿ ನೆನಪಾಯಿತು. ಕಾಲುಚೀಲ ಹೆಣೆಯುವ ಯಂತ್ರವನ್ನು ಮೊದಲು ಮಾಡಿದವರು ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ, 1589ರಲ್ಲಿ. ಕೈಯಲ್ಲಿ ಹೆಣೆದು ಬದುಕುವ ಬಡವರ ಅನ್ನಕ್ಕೆ ಕಲ್ಲು ಬೀಳುತ್ತದೆಂದು ರಾಣಿ ಎಲಿಜಬೆತ್ ಅದಕ್ಕೆ ಪೇಟೆಂಟ್ ಕೊಡಲಿಲ್ಲವಂತೆ. ಲೀ ಬೇಸತ್ತು ಫ್ರಾನ್ಸಿಗೆ ಹೋದರು. ಯಂತ್ರ ಮಾತ್ರ ನಿಲ್ಲಲಿಲ್ಲ. ನಮ್ಮ ಕೈಗಾರಿಕಾ ಪ್ರದೇಶದಲ್ಲಿ ಇಂದಿಗೂ ಕೇಳಿಬರುವ ವಾದ ಅಷ್ಟು ಹಳೆಯದು.

ಲೆಕ್ಕ ಹಾಕಿದೆ. ಒಳ್ಳೆಯದು ಕೊಂಡರೆ ಒಂದು, ಅಗ್ಗದ್ದು ಕೊಂಡರೆ ಎರಡು. ಮಗಳ ಮುಖ ನೋಡಿದೆ. "ಎರಡು" ಎಂದಳು. ಎರಡು ಫೆಲ್ಟಿನವನ್ನು ಕೊಂಡು ಬಂದೆವು.

ತಪ್ಪು ಮಾಡಿದ್ದು ಸೋಮವಾರ. ಕಾಲುಚೀಲವನ್ನು ಕವರಿನಲ್ಲಿ ಹಾಕಿಕೊಂಡು ಕಾರ್ಖಾನೆಗೆ ಒಯ್ದೆ. ಮಧ್ಯಾಹ್ನ ಊಟದ ಹೊತ್ತು, ಗೇಟಿನ ಬಳಿಯ ಹೊಂಗೆ ಮರದ ನೆರಳಲ್ಲಿ ಲೋಡಿಂಗಿನ ಹುಡುಗರೆಲ್ಲ ಕೂತಿದ್ದರು. ನಾನು ನೇರವಾಗಿ ಹೋಗಿ, "ತಗೊಳ್ಳಪ್ಪ, ನಿನ್ನ ಮಗಳಿಗೆ. ಸ್ಕೂಲಲ್ಲಿ ಕೇಳಿದ್ದಾರಲ್ಲ, ನಿನಗೆ ತರೋಕೆ ಆಗಲ್ಲ ಅಂತ ನಾನೇ ತಂದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೆಂಪು ಕಾಲುಚೀಲವನ್ನು ಮುಂದೆ ಹಿಡಿದೆ.

ಯಾರೋ ಕಿಸಕ್ಕನೆ ನಕ್ಕರು. ಅವನು ಎದ್ದು ನಿಂತ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಆದರೆ ಮುಂದೆ ಚಾಚಲಿಲ್ಲ. "ಬೇಡ ಸಾರ್. ನಮ್ ಮಗು, ನಾವೇ ಮಾಡ್ತೀವಿ" ಎಂದ, ಕಲಿತಷ್ಟು ಕನ್ನಡದಲ್ಲಿ. ಮುಖದಲ್ಲಿ ನಗು ಇತ್ತು, ಕಣ್ಣು ನೆಲ ನೋಡುತ್ತಿತ್ತು.

ಆ ನೆಲ ನೋಡುವ ಕಣ್ಣನ್ನು ನಾನು ಬಲ್ಲೆ. ನಾನು ಮೂರನೆಯ ತರಗತಿಯಲ್ಲಿದ್ದ ವರ್ಷ ನಮ್ಮ ಮನೆಯಲ್ಲಿ ಸಾಕಿದ್ದ ಒಂದು ಬೆಳೆ ರೇಷ್ಮೆ ಹುಳುವೆಲ್ಲ ಸಪ್ಪೆ ರೋಗಕ್ಕೆ ಹೋಗಿತ್ತು. ಚಂದ್ರಂಕಿ ಖಾಲಿ, ಮೇಲೆ ಸಾಲ. ಆ ವರ್ಷ ಯಾರೋ ದೊಡ್ಡವರು ಶಾಲೆಗೆ ಬಂದು ಬಟ್ಟೆ ಹಂಚಿದರು. ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಮುಂದೆ ಹೆಸರು ಕೂಗಿದರು. ನಾನು ವೇದಿಕೆ ಹತ್ತಿದೆ, ಕೈ ಮುಗಿದೆ, ಫೋಟೊ ತೆಗೆದರು. ಒಳ್ಳೆಯ ಬಟ್ಟೆಯೇ ಅದು. ಆದರೆ ಅದನ್ನು ಹಾಕಿಕೊಂಡಾಗಲೆಲ್ಲ ಯಾರೋ ನನ್ನ ಹೆಸರು ಕೂಗುತ್ತಿದ್ದಾರೆ ಅನ್ನಿಸುತ್ತಿತ್ತು. ಅಪ್ಪ ಆ ಅಂಗಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಅದನ್ನು ತೊಟ್ಟ ದಿನ ಮಾತ್ರ ಬೇಗ ತೋಟಕ್ಕೆ ಹೊರಟುಬಿಡುತ್ತಿದ್ದರು. ಇಷ್ಟೆಲ್ಲ ಗೊತ್ತಿದ್ದ ನಾನೇ ಅದನ್ನೇ ಇನ್ನೊಬ್ಬ ಅಪ್ಪನಿಗೆ ಮಾಡಿ ಬಂದಿದ್ದೆ.

ರಾತ್ರಿ ನನ್ನವಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ, "ನೀವು ಸ್ಟೋರ್ಸಿನಲ್ಲಿ ಸಾಮಾನು ಕೊಟ್ಟ ಹಾಗೆ ಕೊಟ್ಟಿದ್ದೀರಿ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡಿಲ್ಲ ಅಷ್ಟೇ" ಎಂದಳು. ಹದಿಮೂರು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಇಷ್ಟು ಸರಿಯಾಗಿ ಅಳೆದದ್ದು ಅದೇ ಮೊದಲು.

ಊಟವಾದ ಮೇಲೆ ಎದುರು ಮನೆಗೆ ಹೋದೆ. ಟೀಚರಮ್ಮ ಗೋದಲಿಗೆ ಹುಲ್ಲು ಹೊದಿಸುತ್ತಿದ್ದರು. "ಅವತ್ತು ಪುಟ್ಟಿ ಕೇಳಿದಳಲ್ಲ, ರಾತ್ರಿ ಯಾಕೆ ಬಂದರು ಅಂತ. ನೀವೇನು ಹೇಳಿದಿರಿ?" ಎಂದು ಕೇಳಿದೆ.

"ಇನ್ನೇನು ಹೇಳ್ಲಪ್ಪ? ಆ ಅಪ್ಪ ಬೆಳಿಗ್ಗೆ ಎದ್ದು ಬೀದೀಲಿ ತಲೆ ಎತ್ತಿಕೊಂಡು ನಡೀಬೇಕಲ್ಲ, ಅದಕ್ಕೆ ಅಂದೆ" ಎಂದರು. ನಾನು ಮಾಡಿದ್ದನ್ನು ಅವರಿಗೆ ಹೇಳಲಿಲ್ಲ. ಹುಲ್ಲು ಹೊದಿಸಲು ಒಂದಿಷ್ಟು ಹೊತ್ತು ಸಹಾಯ ಮಾಡಿ ಬಂದೆ.

ಮರುದಿನ ಅರ್ಧ ಗಂಟೆ ರಜೆ ಹಾಕಿ ಶಾಲೆಗೆ ಹೋಗಿ ಕ್ಲಾಸ್ ಮಿಸ್ಸನ್ನು ಕಂಡೆ. ಯಾರ ಹೆಸರನ್ನೂ ಎತ್ತದೆ, ಎಲ್ಲರಿಗೂ ಕೆಂಪು ಸ್ಟಾಕಿಂಗ್ ಸಿಗುವುದಿಲ್ಲ ಮೇಡಂ ಎಂದೆ. ಅವರಿಗೆ ಅದು ಹೊಳೆದೇ ಇರಲಿಲ್ಲ. "ಕೊಂಡು ತರಲಿ ಅಂತಲ್ಲ ಸಾರ್" ಎಂದು ಅಂದೇ ಡೈರಿಯಲ್ಲಿ ಬರೆಸಿದರು: ಮನೆಯಲ್ಲಿರುವ ಒಗೆದ ಕಾಲುಚೀಲ ಯಾವ ಬಣ್ಣದ್ದಾದರೂ ಸರಿ. ಮೊದಮೊದಲು ಅಲ್ಲಿನ ಮಕ್ಕಳು ನೇತುಹಾಕುತ್ತಿದ್ದುದೂ ತಾವು ದಿನಾ ತೊಡುವ ಕಾಲುಚೀಲವನ್ನೇ, ಅಂಗಡಿಯದು ಬಂದದ್ದು ಆಮೇಲೆ. ಉಳಿದ ಒಂದು ಫೆಲ್ಟಿನ ಕಾಲುಚೀಲವನ್ನು ಅವರ ಮೇಜಿನ ಮೇಲಿಟ್ಟು, ಮರೆತು ಬಂದ ಮಗುವಿಗೆ ಇರಲಿ, ಯಾರು ಕೊಟ್ಟರೆಂದು ಹೇಳಬೇಡಿ ಎಂದೆ. ಅದು ಯಾರ ಪಾಲಾಯಿತೋ ನಾನು ಕೇಳಲಿಲ್ಲ.

ಶುಕ್ರವಾರ ಸಂಜೆ ಮಗಳು ವರದಿ ತಂದಳು. ತರಗತಿಯ ಹಗ್ಗದ ಮೇಲೆ ಬಿಳಿ, ನೀಲಿ, ಬೂದು, ಎಲ್ಲ ಬಣ್ಣದ ಸಾಕ್ಸುಗಳು ನೇತಾಡಿದವಂತೆ. ಒಬ್ಬ ಹುಡುಗನ ಸಾಕ್ಸಿನಲ್ಲಿ ತೂತಿದ್ದು ಚಾಕ್ಲೇಟು ಕೆಳಗೆ ಬಿತ್ತಂತೆ. ನಮ್ಮ ಫೆಲ್ಟಿನದರ ಕುಣಿಕೆ ಮಧ್ಯಾಹ್ನಕ್ಕೇ ಕಿತ್ತುಬಂತು, ಗೋಂದು ತಾನೇ! ಪಕ್ಕದವಳು ಬಂದಿದ್ದಳು. "ಅವಳ ಅಮ್ಮ ಹೊಲಿದಿದ್ದಾರಪ್ಪಾ, ಕೆಂಪು ಬಟ್ಟೇಲಿ, ಹಳದಿ ಬಾರ್ಡರ್ ಇಟ್ಟು. ಎಲ್ಲರೂ ಅದನ್ನೇ ಮುಟ್ಟಿ ಮುಟ್ಟಿ ನೋಡಿದರು. ನನ್ನದಕ್ಕಿಂತ ಚೆನ್ನಾಗಿತ್ತು" ಎಂದಳು. ಅವಳ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಶನಿವಾರ ರಾತ್ರಿ ಕಿತ್ತ ಕುಣಿಕೆಗೆ ನನ್ನವಳು ಸೂಜಿ ದಾರ ಹಾಕಿದಳು. ನಮ್ಮ ಮನೆಯಲ್ಲಿ ಹೊಗೆಗೂಡು ಎಲ್ಲಿಂದ ಬರಬೇಕು? ಕಿಟಕಿಯ ಸರಳಿಗೆ ಕಟ್ಟಿದೆವು. ಮಗಳು ಮಲಗಿದ ಮೇಲೆ ತುದಿಗೆ ಒಂದು ಕಿತ್ತಳೆ, ಅದರ ಮೇಲೆ ಒಂದು ಚನ್ನಪಟ್ಟಣದ ಬುಗುರಿ ಇಟ್ಟೆ. ಹಗುರವಾದ ಹಾಲೆ ಮರವನ್ನು ಕಡೆಯುವ ಯಂತ್ರದಲ್ಲಿ ತಿರುಗಿಸಿ, ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುವ ಆ ಆಟಿಕೆ ನಮ್ಮ ಜಿಲ್ಲೆಯದೇ. ಮೂಲೆ ಮೊನೆ ಇಲ್ಲದೆ ನುಣ್ಣಗಿರುತ್ತದೆ, ಪುಟ್ಟ ಕಾಲುಚೀಲಕ್ಕೆ ಹೇಳಿ ಮಾಡಿಸಿದ ಹಾಗೆ. ದೊಡ್ಡ ಕಾಲುಚೀಲ ತಂದಿದ್ದರೆ ಅದು ತಳದಲ್ಲಿ ಕಳೆದುಹೋಗುತ್ತಿತ್ತು. ಚೀಲ ಚಿಕ್ಕದಾದಷ್ಟೂ ಕೊಡುವವನಿಗೂ ಹಗುರ, ತೆಗೆಯುವ ಮಗುವಿಗೂ ತುಂಬಿದಂತೆ ಕಾಣುತ್ತದೆ.

ಭಾನುವಾರ, ಕ್ರಿಸ್ಮಸ್ ದಿನ, ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದಳು ನನ್ನವಳು. ಅಲ್ಲೇ ನಿಂತು ನನ್ನನ್ನು ಕೂಗಿದಳು. ಹೊರಗಿನ ಚಿಲಕಕ್ಕೆ ಒಂದು ಪುಟ್ಟ ಕಾಲುಚೀಲ ತೂಗುತ್ತಿತ್ತು. ಕೆಂಪು ಬಟ್ಟೆ, ಹಳದಿ ಅಂಚು. ಒಳಗೆ ಹುರಿದ ಕಡಲೆಕಾಯಿ, ಒಂದು ಕಿತ್ತಳೆ. ಚೀಟಿ ಇಲ್ಲ, ಹೆಸರಿಲ್ಲ. ಒಳಗಡೆ ಮಗುಚಿ ನೋಡಿದೆ. ಅಂಚು ಮಡಿಚಿ ಎರಡು ಸಾಲು ಹೊಲಿಗೆ ಓಡಿತ್ತು, ಒಂದು ದಾರವೂ ಹೊರಗೆ ಇಣುಕುತ್ತಿರಲಿಲ್ಲ. ಕುಣಿಕೆಯನ್ನು ಒಳಕ್ಕೆ ಸೇರಿಸಿ ಮೇಲೆ ಅಡ್ಡಲಾಗಿ ಬಿಗಿದಿತ್ತು. ದಿನಕ್ಕೆ ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತ ಕೈ ಮಾತ್ರ ಹಾಗೆ ಹೊಲಿಯಬಲ್ಲದು.

ಮಗಳು ಕಣ್ಣುಜ್ಜಿಕೊಂಡು ಎದ್ದು ಬಂದಳು. ಕಿಟಕಿಯ ಕಡೆ ನೋಡಿದಳು, ಚಿಲಕದ ಕಡೆ ನೋಡಿದಳು. "ಸಾಂಟಾ ಎರಡು ಸಲ ಬಂದಿದ್ನಾ ಅಪ್ಪಾ?"

"ಹೂಂ" ಎಂದೆ. ಬೇರೆ ಮಾತು ಬರಲಿಲ್ಲ.

ಸೋಮವಾರ ಗೇಟಿನ ಬಳಿ ಅವನು ಸಿಕ್ಕಿದ. "ನಮಸ್ತೆ ಸಾರ್" ಎಂದ. ಈ ಸಲ ಕಣ್ಣು ನೆಲ ನೋಡುತ್ತಿರಲಿಲ್ಲ. ಕೇಳಲೋ, ಥ್ಯಾಂಕ್ಸ್ ಹೇಳಲೋ ಎಂದು ನಾಲಿಗೆ ತುದಿಗೆ ಬಂತು. ತಡೆದುಕೊಂಡು, "ಮಗಳು ಚೆನ್ನಾಗಿದ್ದಾಳಾ?" ಎಂದೆ. "ಚೆನ್ನಾಗಿದ್ದಾಳೆ ಸಾರ್. ನಿಮ್ ಮಗಳು?" ಎಂದ. ಅಷ್ಟೇ. ಇಬ್ಬರೂ ಒಳಗೆ ಹೋದೆವು. ಮುಂದಿನ ಮಳೆಗಾಲದ ಹೊತ್ತಿಗೆ ಗುತ್ತಿಗೆ ಮುಗಿದು ಅವರು ಊರು ಬಿಟ್ಟರು. ಸಾಲುಮನೆಗೆ ಬೇರೆಯವರು ಬಂದರು.

ಮಕ್ಕಳಿಗೆ ಕಾಲುಚೀಲ ಕೊಳ್ಳುವ ಅಪ್ಪ ಅಮ್ಮಂದಿರಿಗೆ ನನ್ನ ಅನುಭವದ ನಾಲ್ಕು ಮಾತಿಷ್ಟೇ. ಚಿಕ್ಕದು ಆರಿಸಿ. ಅಂಟಿಸಿದ್ದಕ್ಕಿಂತ ಹೊಲಿದದ್ದು ಮೇಲು. ಕುಣಿಕೆಯನ್ನು ಒಮ್ಮೆ ಜಗ್ಗಿ ನೋಡಿ. ಇನ್ನೊಬ್ಬರ ಮಗುವಿಗೆಂದು ಒಂದು ಹೆಚ್ಚಿಗೆ ಕೊಂಡರೆ ಸಂತೋಷ, ಆದರೆ ಕೊಡುವ ಮುನ್ನ ಆ ಮಗುವಿನ ಅಪ್ಪನ ಮುಖವನ್ನು ಒಂದು ಸಲ ನೆನೆಸಿಕೊಳ್ಳಿ.

ಫೆಲ್ಟಿನ ಕಾಲುಚೀಲ ಒಂದೇ ವರ್ಷಕ್ಕೆ ಬಿಳಿಚಿಕೊಂಡು ಹರಿಯಿತು. ಹೊಲಿದದ್ದು ಈಗಲೂ ಹೊಸದರಂತಿದೆ. ಪ್ರತಿ ಡಿಸೆಂಬರಿನಲ್ಲಿ ನನ್ನವಳು ಅದನ್ನು ಹರಡಿ, ಅದರ ಅಳತೆಗೆ ಇನ್ನೊಂದು ಹೊಲಿಯುತ್ತಾಳೆ. ಮಗಳು ಕಿತ್ತಳೆ ಆರಿಸುತ್ತಾಳೆ. ಕತ್ತಲಾದ ಮೇಲೆ ನಾನು ಹೋಗಿ ಒಂದು ಬಾಗಿಲ ಚಿಲಕಕ್ಕೆ ಕಟ್ಟಿ ಬರುತ್ತೇನೆ. ಯಾರ ಬಾಗಿಲಿಗೆ ಎಂದು ಮಾತ್ರ ಇಲ್ಲಿ ಬರೆಯುವಂತಿಲ್ಲ.